ಟ್ರೈಲರ್ ಎಳೆಯುವ ಟ್ರಕ್ಕಿಗೆ ಎಂಜಿನ್ ಯಾವುದು, ಟೈರ್ ಎಷ್ಟು ದೊಡ್ಡದು: ಲೆಕ್ಕ ಹಾಕಿ ಆರಿಸುವ ಕ್ರಮ

ಪಿಕಪ್ ಟ್ರಕ್ ಕೊಳ್ಳುವ ಮುಂಚೆ ಎಂಜಿನ್ ವಿಚಾರದಲ್ಲಿ ಎಲ್ಲರೂ ಸಾಕಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. ಅದೇ ಗಾಡಿಗೆ ಮುಂದೊಂದು ದಿನ ದೊಡ್ಡ ಟೈರ್ ಹಾಕಿಸುವಾಗ ಮಾತ್ರ ಮಡ್‌ಗಾರ್ಡಿಗೆ ತಾಗುತ್ತದೆಯೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಖಾಲಿ ಓಡುವ ಗಾಡಿಗೆ ಅಷ್ಟು ನೋಡಿದರೆ ನಡೆದೀತು. ಟ್ರೈಲರ್ ಎಳೆಯುವ ಗಾಡಿಗೆ ನಡೆಯದು. ಎಂಜಿನ್ನಿನ ಬಲ ಗೇರ್‌ಬಾಕ್ಸ್ ದಾಟಿ, ಹಿಂದಿನ ಆಕ್ಸಲ್ ಹೌಸಿಂಗ್‌ನೊಳಗಿನ ಕ್ರೌನ್-ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ದಾಟಿ, ಕೊನೆಗೆ ಟೈರಿನ ಮೂಲಕವೇ ರಸ್ತೆಗೆ ಇಳಿಯಬೇಕು. ಟೈರಿನ ಎತ್ತರ ಬದಲಾಯಿಸಿದಿರೆಂದರೆ ಒಂದರಿಂದ ಕೊನೆಯವರೆಗಿನ ಎಲ್ಲ ಗೇರುಗಳನ್ನೂ ಒಟ್ಟಿಗೆ ಬದಲಾಯಿಸಿದಿರಿ ಎಂದೇ ಲೆಕ್ಕ. ಆದ್ದರಿಂದ ಎಂಜಿನ್ನನ್ನೂ ಟೈರನ್ನೂ ಒಂದೇ ಲೆಕ್ಕದಲ್ಲಿ ನೋಡಬೇಕು. ಕ್ರಮ ಹೀಗಿರಲಿ: ಮೊದಲು ತೂಕ, ಆಮೇಲೆ ಆ ತೂಕಕ್ಕೆ ಬೇಕಾದ ಪವರ್, ಅದಕ್ಕೆ ಒಪ್ಪುವ ಎಂಜಿನ್, ನಂತರ ಟೈರ್, ಕೊನೆಗೆ ಆಕ್ಸಲ್ ರೇಷಿಯೊ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ.

ಮೊದಲ ಹೆಜ್ಜೆ: ತೂಕ ಹಾಕಿಸಿ

ಅಂದಾಜಿನ ತೂಕ ಯಾವಾಗಲೂ ಕಡಿಮೆಯೇ ಇರುತ್ತದೆ. ನೀರಿನ ಟ್ಯಾಂಕ್, ಟೂಲ್ ಬಾಕ್ಸ್, ಸ್ಟೆಪ್ನಿ, ಹಿಂದೆ ಕೂರುವ ಜನ, ಇವೆಲ್ಲ ಲೆಕ್ಕ ತಪ್ಪುವ ಸಾಮಾನುಗಳು. ಪ್ರಯಾಣಕ್ಕೆ ಹೊರಡುವಾಗ ಹೇಗಿರುತ್ತದೋ ಹಾಗೆಯೇ ತುಂಬಿಕೊಂಡು ವೇಬ್ರಿಡ್ಜಿಗೆ ಹೋಗಿ. ಟ್ರೈಲರ್ ಸಿಕ್ಕಿಸಿದಾಗ ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರಿನ ಆಕ್ಸಲ್ ಈ ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಟ್ರೈಲರ್ ಬಿಚ್ಚಿ ಟ್ರಕ್ಕನ್ನು ಮಾತ್ರ ಮತ್ತೊಮ್ಮೆ ತೂಗಿ. ಸಿಕ್ಕಿಸಿದಾಗಿನ ಟ್ರಕ್ಕಿನ ಎರಡು ಆಕ್ಸಲ್‌ಗಳ ಮೊತ್ತದಿಂದ ಟ್ರಕ್ಕಿನ ಒಂಟಿ ತೂಕ ಕಳೆದರೆ ಉಳಿಯುವುದು ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ತೂಕ. ಬಾಲ್ ಹಿಚ್‌ನ ಟ್ರೈಲರಿಗೆ ಅದು ಟ್ರೈಲರ್ ತೂಕದ ಶೇ 10ರಿಂದ 15 ಇರಬೇಕು. ಕೆಲವು ಟ್ರೈಲರುಗಳ ವಿನ್ಯಾಸದಲ್ಲಿ ಇನ್ನೂ ಕಡಿಮೆ ಇರುತ್ತದೆ. ತಯಾರಕರು ಪಟ್ಟಿಯ ಮೇಲೆ ಮುದ್ರಿಸಿದ್ದೇ ಅಂತಿಮ. ಅದಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸತೊಡಗುತ್ತದೆ. ಹೆಚ್ಚಾದರೆ ಹಿಂದಿನ ಆಕ್ಸಲ್ ಕುಗ್ಗಿ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಟ್ರಕ್ 2,700 ಕೆಜಿ, ಟ್ರೈಲರ್ 3,300 ಕೆಜಿ, ಒಟ್ಟು 6,000 ಕೆಜಿ. ಟೈರ್ 265/70 ಆರ್17, ಆಕ್ಸಲ್ ರೇಷಿಯೊ 3.73.

ಎರಡನೆಯದು: ಏರಿಗೆ ಎಷ್ಟು ಪವರ್ ಬೇಕು

ಶೇ 6ರ ಏರು, ಅಂದರೆ ನೂರು ಮೀಟರ್ ಮುಂದೆ ಸಾಗಿದರೆ ಆರು ಮೀಟರ್ ಮೇಲೇರುವ ರಸ್ತೆ. ಅಲ್ಲಿ 80 ಕಿಮೀ ವೇಗ ಕಾಯ್ದುಕೊಳ್ಳಬೇಕೆಂದುಕೊಳ್ಳಿ. ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲಗಳು ಮೂರು. ಏರಿನದು 6,000 × 9.81 × 0.06, ಅಂದರೆ ಸುಮಾರು 3,530 ನ್ಯೂಟನ್. ಟೈರಿನ ಉರುಳು ತಡೆ ತೂಕದ ಶೇ 1.2 ಎಂದು ಹಿಡಿದರೆ 700 ನ್ಯೂಟನ್. ಎತ್ತರದ ಪೆಟ್ಟಿಗೆಯಂಥ ಟ್ರೈಲರಿಗೆ ಗಾಳಿಯ ತಡೆ ಆ ವೇಗದಲ್ಲಿ 1,200 ನ್ಯೂಟನ್ ಆಸುಪಾಸು. ಒಟ್ಟು 5,400ರ ಮೇಲೆ. ಇದನ್ನು ಸೆಕೆಂಡಿಗೆ 22.2 ಮೀಟರ್ ವೇಗದಿಂದ ಗುಣಿಸಿದರೆ ಚಕ್ರದಲ್ಲಿ 120 ಕಿಲೋವ್ಯಾಟ್ ಬೇಕು. ಗೇರ್‌ಬಾಕ್ಸ್, ಹೌಸಿಂಗ್‌ಗಳಲ್ಲಿ ಶೇ 15 ನಷ್ಟವಾಗುತ್ತದೆಂದು ಹಿಡಿದರೆ ಎಂಜಿನ್ 142 ಕಿಲೋವ್ಯಾಟ್ ಕೊಡಬೇಕು. ವೇಗವನ್ನು 70ಕ್ಕೆ ಇಳಿಸಿದರೆ 118 ಸಾಕು. ಹತ್ತು ಕಿಲೋಮೀಟರ್ ವೇಗ ಬಿಟ್ಟುಕೊಟ್ಟರೆ 24 ಕಿಲೋವ್ಯಾಟ್ ಉಳಿತಾಯ. ಏರಿನಲ್ಲಿ ಎಂಜಿನ್ ಬಿಸಿಯಾಗುವವರಿಗೆ ಇದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ.

ಮೂರನೆಯದು: ಎಂಜಿನ್

"ಎಳೆಯಲು ಟಾರ್ಕ್ ಮುಖ್ಯ, ಪವರ್ ಅಲ್ಲ" ಎಂಬ ಮಾತು ಅರ್ಧ ಸತ್ಯ. ಟಾರ್ಕ್ ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಏರಿನಲ್ಲಿ ಯಾವ ವೇಗ ಉಳಿಯುತ್ತದೆ ಎಂಬುದನ್ನು ಪವರ್ ತೀರ್ಮಾನಿಸುತ್ತದೆ. ಆ ಪವರ್ ಯಾವ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸಿಗುತ್ತದೆ ಎಂಬುದನ್ನು ಟಾರ್ಕ್ ತೀರ್ಮಾನಿಸುತ್ತದೆ. ಎರಡನ್ನೂ ಜೋಡಿಸುವ ಸೂತ್ರ ಸರಳ: ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ.

1,600ರಿಂದ 2,800 ಆರ್‌ಪಿಎಂವರೆಗೆ 500 ನ್ಯೂಟನ್ ಮೀಟರ್ ಕೊಡುವ ಟರ್ಬೊ ಡೀಸೆಲ್ ಒಂದು ಕಡೆ, 4,000 ಆರ್‌ಪಿಎಂನಲ್ಲಿ 380 ಕೊಡುವ ಟರ್ಬೊ ಇಲ್ಲದ ಪೆಟ್ರೋಲ್ ಇನ್ನೊಂದು ಕಡೆ ಇಡಿ. ಡೀಸೆಲ್ ಆ 142 ಕಿಲೋವ್ಯಾಟನ್ನು 2,700 ಆರ್‌ಪಿಎಂನಲ್ಲೇ ಕೊಡುತ್ತದೆ. ಪೆಟ್ರೋಲ್ 3,600ಕ್ಕೆ ಏರಬೇಕು. ಪೆಟ್ರೋಲಿನ ಗರಿಷ್ಠ ಪವರ್ 200 ಕಿಲೋವ್ಯಾಟ್, ಡೀಸೆಲಿನದು 150 ಇದ್ದರೂ ಇದು ಹೀಗೆಯೇ. ಪೆಟ್ರೋಲ್ ಗಾಡಿ ಆ ಏರು ಹತ್ತುವುದಿಲ್ಲ ಎಂದಲ್ಲ. ಚೆನ್ನಾಗಿಯೇ ಹತ್ತುತ್ತದೆ, ಎರಡು ಗೇರ್ ಇಳಿದು, ಜೋರು ಸದ್ದು ಮಾಡಿ. ಆ ಸದ್ದಿಗೆ ಹೆದರಿ ಆಕ್ಸಿಲರೇಟರ್ ಬಿಡುವವರೇ "ಪೆಟ್ರೋಲ್ ಎಳೆಯುವುದಿಲ್ಲ" ಎನ್ನುವುದು. 4,500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಓಡಿದರೆ ಆರೋಗ್ಯವಾದ ಪೆಟ್ರೋಲ್ ಎಂಜಿನ್ನಿಗೆ ಏನೂ ಆಗದು.

ಟರ್ಬೊ ಪೆಟ್ರೋಲಿನ ಟಾರ್ಕ್ ಹರಡಿಕೊಂಡಿರುವ ರೀತಿ ಡೀಸೆಲಿಗೆ ಹತ್ತಿರ. ಆದರೆ ಭಾರ ಹೆಚ್ಚಾದಾಗ ಎಕ್ಸಾಸ್ಟ್ ತಣ್ಣಗಿಡಲು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಖಾಲಿ ಓಡುವಾಗ ಕಂಡ ಮೈಲೇಜು ಟ್ರೈಲರ್ ಸಿಕ್ಕಿಸಿದ ಕೂಡಲೇ ಕರಗಲು ಇದೂ ಒಂದು ಕಾರಣ. ತಿಂಗಳಿಗೊಮ್ಮೆ ಎಳೆಯುವವರಿಗೆ ಇದು ಚಿಂತೆಯ ಮಾತಲ್ಲ, ದಿನವೂ ಎಳೆಯುವವರಿಗೆ ಹೌದು.

ಎತ್ತರದ ಪ್ರದೇಶಗಳಲ್ಲಿ ಓಡಿಸುವವರು ಇನ್ನೊಂದು ಲೆಕ್ಕ ಸೇರಿಸಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ 1ರಷ್ಟು ಪವರ್ ಕಳೆದುಕೊಳ್ಳುತ್ತದೆ. 2,000 ಮೀಟರ್ ಎತ್ತರದಲ್ಲಿ 200 ಕಿಲೋವ್ಯಾಟಿನ ಎಂಜಿನ್ 160ರದ್ದಾಗುತ್ತದೆ. ಟರ್ಬೊ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಡೀಸೆಲಿನ ಕಡೆಯ ಲೋಪಗಳನ್ನೂ ಹೇಳಬೇಕು. ಎಂಜಿನ್ ಭಾರ ಹೆಚ್ಚು. ಅದೇ ಮಾದರಿಯ ಪೆಟ್ರೋಲ್ ಗಾಡಿಗಿಂತ ಹೊರಬಲ್ಲ ತೂಕ ಕಡಿಮೆಯಾಗಬಹುದು. ಹಿಚ್ ಮೇಲಿನ ತೂಕವನ್ನು ಹೊರುವುದೂ ಟ್ರಕ್ಕೇ ಆದ್ದರಿಂದ, ಎಳೆಯುವ ಸಾಮರ್ಥ್ಯ ಬಾಕಿ ಇದ್ದರೂ ಹೊರುವ ಸಾಮರ್ಥ್ಯ ಮೊದಲು ಮುಗಿದುಹೋಗುತ್ತದೆ. ಡೀಸೆಲಿಗೆ ಪೆಟ್ರೋಲಿನಂತೆ ಥ್ರಾಟಲ್‌ನಿಂದ ಗಾಳಿ ಬಿಗಿಹಿಡಿಯುವ ವ್ಯವಸ್ಥೆ ಇಲ್ಲ. ಹಾಗಾಗಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ತಾನಾಗಿ ಹಿಡಿಯುವುದು ಕಡಿಮೆ. ಉದ್ದ ಇಳಿಜಾರು ಇರುವ ದಾರಿಯಲ್ಲಿ ಎಳೆಯುವವರು ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಬಿಗಿಹಿಡಿದು ಎಂಜಿನ್ನನ್ನು ತಡೆಯುವ ವ್ಯವಸ್ಥೆ) ಇರುವ ಡೀಸೆಲನ್ನೇ ಆರಿಸಿ. ಇನ್ನು ದಿನವಿಡೀ ಹತ್ತಿರದ ಓಡಾಟ, ಅಪರೂಪಕ್ಕೆ ಟ್ರೈಲರ್ ಎಂಬಂಥ ಬಳಕೆಗೆ ಡೀಸೆಲ್ ಬೇಡ. ಎಂಜಿನ್ ಸರಿಯಾಗಿ ಬಿಸಿಯಾಗದೆ ಹೊಗೆಯ ಫಿಲ್ಟರ್ ಮಸಿ ತುಂಬಿ ಕಟ್ಟಿಕೊಳ್ಳುತ್ತದೆ.

ನಾಲ್ಕನೆಯದು: ಟೈರಿನ ನಿಜವಾದ ಅಳತೆ

265/70 ಆರ್17 ಎಂದರೆ ಅಗಲ 265 ಮಿಮೀ, ಸೈಡ್‌ವಾಲ್ ಎತ್ತರ ಅದರ ಶೇ 70, ರಿಮ್ 17 ಇಂಚು. ಲೆಕ್ಕ ಹೀಗೆ: 265 × 0.70 = 185.5. ಮೇಲೆ ಕೆಳಗೆ ಎರಡು ಸಲ ಸೇರಿಸಿದರೆ 371. ರಿಮ್ 17 × 25.4 = 431.8. ಒಟ್ಟು ವ್ಯಾಸ 803 ಮಿಮೀ. ಅದೇ ರಿಮ್ಮಿಗೆ ಕೂರುವ 35 ಇಂಚಿನ ಟೈರ್ 889 ಮಿಮೀ. ವ್ಯತ್ಯಾಸ ಶೇ 10.7.

ಇದು ಕಾಗದದ ಮೇಲಿನ ಅಳತೆ. ಕಂಪನಿಯಿಂದ ಕಂಪನಿಗೆ ಒಂದೆರಡು ಶೇಕಡಾ ಹೆಚ್ಚುಕಡಿಮೆ ಇರುತ್ತದೆ. ಸಾಲದ್ದಕ್ಕೆ ಭಾರ ಬಿದ್ದ ಟೈರ್ ಕೆಳಗೆ ಚಪ್ಪಟೆಯಾಗಿ ಇನ್ನೂ ಕಡಿಮೆ ದೂರ ಉರುಳುತ್ತದೆ. ನಿಜ ತಿಳಿಯಲು ಸೀಮೆಸುಣ್ಣ, ಟೇಪು ಸಾಕು. ಟೈರುಗಳಿಗೆ ಎಳೆಯುವಾಗಿನ ಹವಾ ತುಂಬಿಸಿ, ಟ್ರಕ್ಕಿನಲ್ಲಿ ಲೋಡ್ ಇರುವಾಗಲೇ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಹಿಂದಿನ ಟೈರ್ ನೆಲಕ್ಕೆ ತಾಗಿರುವ ಜಾಗದ ನಡುವೆ ಟೈರಿನ ಮೇಲೊಂದು, ನೇರ ಕೆಳಗೆ ನೆಲದ ಮೇಲೊಂದು ಗೀಟು ಎಳೆಯಿರಿ. ಒಬ್ಬರು ಗಾಡಿಯನ್ನು ನಿಧಾನವಾಗಿ ನೇರಕ್ಕೆ ಬಿಡಲಿ, ಇನ್ನೊಬ್ಬರು ಪಕ್ಕದಲ್ಲಿ ನಡೆಯಲಿ. ಟೈರಿನ ಗೀಟು ಎರಡನೇ ಸಲ ಕೆಳಗೆ ಬಂದಾಗ ನಿಲ್ಲಿಸಿ, ನೆಲಕ್ಕೆ ಗೀಟು ಹಾಕಿ, ಒಟ್ಟು ದೂರವನ್ನು ಎರಡರಿಂದ ಭಾಗಿಸಿ. 803 ಮಿಮೀ ಟೈರಿಗೆ ಕಾಗದದ ಪ್ರಕಾರ ಸುತ್ತಳತೆ 2.52 ಮೀಟರ್, ನೆಲದ ಮೇಲೆ 2.45ರ ಹತ್ತಿರ ಸಿಗುತ್ತದೆ. ಮುಂದಿನ ಲೆಕ್ಕಕ್ಕೆ ಈ ಸಂಖ್ಯೆಯನ್ನೇ ಬಳಸಿ.

ಟೈರ್ ದೊಡ್ಡದಾದಾಗ ಏನಾಗುತ್ತದೆ ನೋಡಿ. ಎಂಜಿನ್ 500 ನ್ಯೂಟನ್ ಮೀಟರ್, ಒಂದನೇ ಗೇರ್ 4.17, ಆಕ್ಸಲ್ 3.73. ಮೂರನ್ನೂ ಗುಣಿಸಿ ಟೈರಿನ ತ್ರಿಜ್ಯದಿಂದ ಭಾಗಿಸಿದರೆ ರಸ್ತೆಯ ಮೇಲಿನ ನೂಕುಬಲ. ಮೂಲ ಟೈರಿನಲ್ಲಿ ಸುಮಾರು 19,400 ನ್ಯೂಟನ್, 35 ಇಂಚಿನಲ್ಲಿ 17,500. ಏರಿನಲ್ಲಿ ನಿಂತಲ್ಲಿಂದ ಹೊರಡುವಾಗ ಕ್ಲಚ್ ವಾಸನೆ ಬರುವುದು, ರಿವರ್ಸಿನಲ್ಲಿ ಟ್ರೈಲರ್ ನೂಕುವಾಗ ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ಚಿನ ಜಾಗದಲ್ಲಿರುವ ಆಯಿಲ್ ಜೋಡಣೆ) ಬಿಸಿಯಾಗುವುದು ಈ ಹತ್ತು ಶೇಕಡಾ ಕೊರತೆಯಿಂದ.

ಹೆದ್ದಾರಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇದೆ. 4.17, 2.34, 1.52, 1.14, 0.87, 0.69 ಎಂಬ ಆರು ಗೇರುಗಳ ಪೆಟ್ಟಿಗೆ ಇದೆ ಎಂದುಕೊಳ್ಳಿ. ಅದೇ ಏರಿನಲ್ಲಿ 80 ಕಿಮೀ ವೇಗಕ್ಕೆ ಮೂಲ ಟೈರಿನಲ್ಲಿ ಮೂರನೇ ಗೇರ್ ಎಂಜಿನ್ನನ್ನು 3,090 ಆರ್‌ಪಿಎಂಗೆ ಒಯ್ಯುತ್ತದೆ, ಡೀಸೆಲಿಗೆ ಪವರ್ ಸಾಕಾಗಿ ಸ್ವಲ್ಪ ಮಿಗುತ್ತದೆ. ಟೈರ್ 35 ಇಂಚಾದರೆ ಅದೇ ಗೇರಿನಲ್ಲಿ 2,790 ಆರ್‌ಪಿಎಂ, ಸಿಗುವುದು 146 ಕಿಲೋವ್ಯಾಟ್, ಬೇಕಾದದ್ದು 142. ಎದುರುಗಾಳಿ ಬೀಸಿದರೆ ಅಷ್ಟೂ ಮುಗಿಯಿತು. ಎರಡನೇ ಗೇರಿಗೆ ಇಳಿದರೆ ಡೀಸೆಲ್ 4,290 ಆರ್‌ಪಿಎಂಗೆ ಏರಬೇಕು, ಅದು ಆ ಎಂಜಿನ್ನಿನ ಕೆಲಸದ ಮಿತಿಯ ಹೊರಗೆ. ಒಂದು ಗೇರಿನಲ್ಲಿ ಸಾಲದು, ಇನ್ನೊಂದರಲ್ಲಿ ಆಗದು. ಅಲ್ಲಿ ವೇಗ ಇಳಿಸುವುದೊಂದೇ ದಾರಿ. ಡೀಸೆಲಿನ ಆರ್‌ಪಿಎಂ ಹರವು ಕಿರಿದಾದ್ದರಿಂದ ಟೈರ್ ಬದಲಾವಣೆಯ ಪೆಟ್ಟು ಇಂಥ ಗೇರಿನ ನಡುವಿನ ಖಾಲಿಯಲ್ಲಿ ಬೀಳುತ್ತದೆ. ಪೆಟ್ರೋಲಿಗೆ ಹರವು ಅಗಲ, ಎರಡನೇ ಗೇರಿನಲ್ಲಿ ನಿಭಾಯಿಸುತ್ತದೆ. ಅದರ ತೊಂದರೆ ಸಮತಟ್ಟು ರಸ್ತೆಯಲ್ಲಿ. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಸಾಲದೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಐದು-ನಾಲ್ಕು, ಐದು-ನಾಲ್ಕು ಎಂದು ಹುಡುಕಾಡುತ್ತಲೇ ಇರುತ್ತದೆ. ಪ್ರತಿ ಹುಡುಕಾಟಕ್ಕೂ ಟಾರ್ಕ್ ಕನ್ವರ್ಟರಿನ ಲಾಕ್ ಬಿಟ್ಟು ಆಯಿಲ್ ಬಿಸಿಯೇರುತ್ತದೆ. ಗೇರ್‌ಬಾಕ್ಸ್ ಆಯಿಲ್ 80ರಿಂದ 95 ಡಿಗ್ರಿ ಇದ್ದರೆ ನೆಮ್ಮದಿ, 110 ದಾಟಿದರೆ ಗೇರ್ ಇಳಿಸಿ ವೇಗ ಕಡಿಮೆ ಮಾಡಿ, 120 ದಾಟಿದರೆ ಪಕ್ಕಕ್ಕೆ ಹಾಕಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸುತ್ತಾ ತಣ್ಣಗಾಗಲು ಬಿಡಿ.

ಸಣ್ಣ ಟೈರ್ ಹಾಕಿದರೆ ಎಳೆತ ಹೆಚ್ಚುತ್ತದಲ್ಲ ಎಂದು ಕೇಳಬಹುದು. ಹೆಚ್ಚುತ್ತದೆ ನಿಜ, ಆದರೆ ಸಣ್ಣ ಟೈರಿನ ಹೊರುವ ಶಕ್ತಿ ಸಾಮಾನ್ಯವಾಗಿ ಕಡಿಮೆ. ಹಿಂದಿನ ಆಕ್ಸಲ್ ತೂಕಕ್ಕೆ ಅದು ಸಾಲದೆ ಹೋದರೆ ಆ ಲಾಭವೆಲ್ಲ ವ್ಯರ್ಥ.

ಐದನೆಯದು: ಆಕ್ಸಲ್ ರೇಷಿಯೊ ಸರಿಹೊಂದಿಸುವುದು

ದೊಡ್ಡ ಟೈರ್ ಬೇಕೇ ಬೇಕು ಎನ್ನುವವರಿಗೆ ಸರಿಯಾದ ಪರಿಹಾರ ಕ್ರೌನ್-ಪಿನಿಯನ್ ಬದಲಿಸುವುದು. ಹೊಸ ವ್ಯಾಸವನ್ನು ಹಳೆಯದರಿಂದ ಭಾಗಿಸಿ ಹಳೆಯ ರೇಷಿಯೊದಿಂದ ಗುಣಿಸಿ: 889 ÷ 803 × 3.73 = 4.13. ಹತ್ತಿರದಲ್ಲಿ ಸಿಗುವುದು 4.10. ಅದು ಹಳೆಯ ನಡತೆಯನ್ನು ಹೆಚ್ಚೂಕಡಿಮೆ ಮರಳಿಸುತ್ತದೆ, ಅಷ್ಟೆ. ದೊಡ್ಡ ಟೈರಿನ ಹೆಚ್ಚುವರಿ ತೂಕ, ಎತ್ತರವಾದ ಗಾಡಿಗೆ ಹೆಚ್ಚುವ ಗಾಳಿ ತಡೆ ಇವು ಹಾಗೆಯೇ ಉಳಿಯುತ್ತವೆ. ಭಾರ ಎಳೆಯುವುದೇ ಮುಖ್ಯ ಕೆಲಸವಾದರೆ ಒಂದು ಮೆಟ್ಟಿಲು ಮುಂದೆ ಹೋಗಿ 4.30 ಅಥವಾ 4.56 ಹಾಕಿಸುವುದು ನಮ್ಮ ಸಲಹೆ, ಅದರಲ್ಲೂ ಪೆಟ್ರೋಲ್ ಗಾಡಿಗೆ. ಡೀಸೆಲಿಗೆ 4.10 ಸಾಕು, ಹೆಚ್ಚು ಹೋದರೆ ಸಮತಟ್ಟಿನಲ್ಲಿ ಸುಮ್ಮನೆ ಆರ್‌ಪಿಎಂ ಏರುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಿಸಬೇಕು. ಒಂದನ್ನೇ ಬದಲಿಸಿ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್‌ಗಳು ಒಂದನ್ನೊಂದು ಜಗ್ಗಿ, ಬಲವನ್ನು ಎರಡಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯುತ್ತದೆ. ಜೋಡಣೆಯಲ್ಲಿ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಆಟ ಸಾಮಾನ್ಯವಾಗಿ 0.15ರಿಂದ 0.25 ಮಿಮೀ ಇರಬೇಕು. ನಿಮ್ಮ ಆಕ್ಸಲ್‌ನ ಸರ್ವಿಸ್ ಪುಸ್ತಕದ ಸಂಖ್ಯೆಯನ್ನೇ ಅನುಸರಿಸಿ. ಡಯಲ್ ಗೇಜ್ ಇಟ್ಟು ಅಳೆಯದೆ, ಹಲ್ಲಿಗೆ ಬಣ್ಣ ಬಳಿದು ಗುರುತು ನೋಡದೆ "ಕೈಯಲ್ಲೇ ಗೊತ್ತಾಗುತ್ತದೆ" ಎನ್ನುವ ಕಡೆ ಈ ಕೆಲಸ ಕೊಡಬೇಡಿ. ಆಟ ಹೆಚ್ಚಾದರೆ ಕಟಕಟ ಸದ್ದು, ಕಡಿಮೆಯಾದರೆ ಊಳಿಡುವ ಸದ್ದು, ಎರಡರಲ್ಲೂ ಹಲ್ಲು ಹೋಗುತ್ತದೆ.

ಹೊಸ ಗೇರ್ ಹಾಕಿದ ದಿನವೇ ಟ್ರೈಲರ್ ಸಿಕ್ಕಿಸಬಾರದು. ಮೊದಲು 25-30 ಕಿಮೀ ಮೆಲ್ಲಗೆ ಓಡಿಸಿ ಹೌಸಿಂಗ್ ಪೂರ್ತಿ ತಣ್ಣಗಾಗಲು ಬಿಡಿ. ಇದನ್ನು ಎರಡು ಮೂರು ಸಲ ಮಾಡಿ. 800 ಕಿಮೀವರೆಗೆ ಭಾರ ಎಳೆಯದೆ ಓಡಿಸಿ, ಆಯಿಲ್ ಬಸಿದು ಹೊಸದು ತುಂಬಿಸಿ. ಬಸಿದ ಆಯಿಲಿನಲ್ಲಿ ಬೂದಿಯಂಥ ನುಣುಪು ಲೋಹದ ಪುಡಿ ಇರುವುದು ಸಹಜ. ಕೈಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಿಸಿ.

ಆಮೇಲೆ ಸ್ಕ್ಯಾನರ್ ಹಾಕಿ ಟೈರ್ ಸುತ್ತಳತೆಯನ್ನೂ ಹೊಸ ರೇಷಿಯೊವನ್ನೂ ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಕ್ರೌನ್-ಪಿನಿಯನ್ ಬದಲಿಸದೆ ಟೈರನ್ನಷ್ಟೇ ದೊಡ್ಡದು ಮಾಡಿದವರ ಗಾಡಿಯಲ್ಲಿ ಮೀಟರ್ 90 ತೋರಿಸುವಾಗ ನಿಜವಾದ ವೇಗ ಸುಮಾರು 100. ಟ್ರೈಲರಿನೊಂದಿಗೆ ಇದು ಬರೀ ದಂಡದ ಪ್ರಶ್ನೆಯಲ್ಲ, ಹಲವು ಟ್ರೈಲರ್ ಟೈರುಗಳ ವೇಗದ ಮಿತಿಯೇ 105 ಕಿಮೀ. ಓಡೋಮೀಟರೂ ಕಡಿಮೆ ತೋರಿಸುವುದರಿಂದ ಮೈಲೇಜಿನ ಲೆಕ್ಕವೂ ಸರ್ವಿಸಿನ ಲೆಕ್ಕವೂ ತಪ್ಪುತ್ತವೆ.

ಒಂದು ಎಚ್ಚರಿಕೆ. ಕ್ರೌನ್-ಪಿನಿಯನ್ ಬದಲಿಸಿದ ಮಾತ್ರಕ್ಕೆ ಕಂಪನಿ ನಮೂದಿಸಿದ ಎಳೆಯುವ ಮಿತಿ ಏರುವುದಿಲ್ಲ. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆ ಎಳೆಯುವ ಮಿತಿಗೆಂದು ಮಾಡಿದ ಜೆ2807 ಮಾನದಂಡದಲ್ಲಿ ಟ್ರೈಲರ್ ಸಮೇತ ಶೇ 12ರ ಏರಿನಲ್ಲಿ ನಿಂತಲ್ಲಿಂದ ಹೊರಡುವುದು, ಅಮೆರಿಕದ ಡೇವಿಸ್ ಡ್ಯಾಮ್ ಏರನ್ನು ಎಸಿ ಹಾಕಿಕೊಂಡು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತುವುದು ಮುಂತಾದ ಪರೀಕ್ಷೆಗಳಿವೆ. ಬ್ರೇಕು, ಚಾಸಿ, ಹಿಚ್, ರೇಡಿಯೇಟರ್ ಎಲ್ಲವೂ ಸೇರಿ ಆ ಮಿತಿ ನಿಗದಿಯಾಗಿರುತ್ತದೆ.

ಟೈರ್ ಹೊರಬೇಕು, ನಿಲ್ಲಿಸಬೇಕು

ಸೈಜು ಸರಿಯಾದ ಮಾತ್ರಕ್ಕೆ ಟೈರ್ ಸರಿಯಾಯಿತು ಎಂದಲ್ಲ. ಸೈಜಿನ ಪಕ್ಕದಲ್ಲಿರುವ ಲೋಡ್ ಸೂಚ್ಯಂಕ ಓದಿ: 112 ಎಂದರೆ ಒಂದು ಟೈರಿಗೆ 1,120 ಕೆಜಿ, 116 ಎಂದರೆ 1,250, 121 ಎಂದರೆ 1,450, 123 ಎಂದರೆ 1,550. ಕಾರಿನ ವರ್ಗದ ಟೈರನ್ನು ಟ್ರಕ್ಕಿಗೆ ಹಾಕಿದರೆ ಆ ಸಂಖ್ಯೆಯನ್ನು 1.1ರಿಂದ ಭಾಗಿಸಬೇಕು. ವೇಬ್ರಿಡ್ಜಿನಲ್ಲಿ ಬರೆದುಕೊಂಡ ಹಿಂದಿನ ಆಕ್ಸಲ್ ತೂಕದ ಅರ್ಧಕ್ಕಿಂತ ಇದು ಕನಿಷ್ಠ ಶೇ 15 ಹೆಚ್ಚಿರಲಿ. ಎಲ್‌ಟಿ (ಲೈಟ್ ಟ್ರಕ್) ಗುರುತಿನ ಟೈರುಗಳ ಸೈಡ್‌ವಾಲ್ ಗಟ್ಟಿ. ಟ್ರೈಲರ್ ಅಡ್ಡಕ್ಕೆ ಜಗ್ಗಿದಾಗ ಮೆತ್ತನೆಯ ಸೈಡ್‌ವಾಲ್ ಬಾಗಿ ಗಾಡಿ ತೇಲಿದಂತಾಗುತ್ತದೆ. ಹೆಚ್ಚಿನವರು ಇದನ್ನು ಶಾಕ್‌ಅಬ್ಸಾರ್ಬರ್ ದೋಷವೆಂದು ತಿಳಿದು ಅದನ್ನು ಬದಲಿಸುತ್ತಾರೆ. ಎಲ್‌ಟಿ ಟೈರಿನ ಲೋಡ್ ರೇಂಜ್ (ಹೊರುವ ದರ್ಜೆ) ‘ಇ’ ಆದರೆ ಪೂರ್ಣ ಹೊರೆಗೆ ಸಾಮಾನ್ಯವಾಗಿ 80 ಪಿಎಸ್‌ಐ ಬೇಕು. ಅದನ್ನೇ 40ರಲ್ಲಿ ಓಡಿಸಿದರೆ ಮುದ್ರಿತ ತೂಕವನ್ನು ಅದು ಹೊರಲಾರದು, ಒಳಗೆ ಕಾದು ಪದರ ಬಿಡುತ್ತದೆ. ಹವಾ ನೋಡುವುದು ಟೈರ್ ತಣ್ಣಗಿದ್ದಾಗ, ಹೊರಡುವ ಮುಂಚೆ. ದಾರಿಯಲ್ಲಿ ಬಿಸಿಯಾಗಿ ಏರಿದ ಹವಾ ಇಳಿಸಬಾರದು.

ಬ್ರೇಕಿನ ಲೆಕ್ಕವೂ ಎಳೆತದ ಲೆಕ್ಕದಂತೆಯೇ. ಶೇ 10.7 ಎತ್ತರದ ಟೈರಿನಲ್ಲಿ ಅದೇ ಪೆಡಲ್ ಒತ್ತಡಕ್ಕೆ ರಸ್ತೆಯ ಮೇಲಿನ ಬ್ರೇಕ್ ಬಲ ಶೇ 10ರಷ್ಟು ಕುಗ್ಗುತ್ತದೆ. ಒಂದೊಂದು ಟೈರ್ ಎಂಟು ಹತ್ತು ಕೆಜಿ ಹೆಚ್ಚು ತೂಗಬಹುದು, ತಿರುಗುವ ಆ ತೂಕವನ್ನೂ ನಿಲ್ಲಿಸಬೇಕು. ಟ್ರೈಲರಿನ ಬ್ರೇಕ್ ಸರಿಯಿಲ್ಲದೆ ಇಂಥ ಟೈರಿನಲ್ಲಿ ಇಳಿಜಾರಿಗೆ ಇಳಿಯಲೇಬೇಡಿ. ಇಳಿಯುವಾಗ ಎಂಜಿನ್ ಹಿಡಿತವೂ ಕಡಿಮೆ ಇರುವುದರಿಂದ, ಮೂಲ ಟೈರಿನಲ್ಲಿ ಮೂರನೇ ಗೇರಿನಲ್ಲಿ ಇಳಿಯುತ್ತಿದ್ದ ಕಡೆ ಎರಡನೆಯದು ಬೇಕಾಗಬಹುದು. ಇಳಿಜಾರು ಶುರುವಾಗುವ ಮುಂಚೆಯೇ ಗೇರ್ ಹಾಕಿ.

ಟೈರಿನ ವ್ಯಾಸ 86 ಮಿಮೀ ಹೆಚ್ಚಿದರೆ ಹಿಚ್ 43 ಮಿಮೀ ಮೇಲೇರುತ್ತದೆ. ಟ್ರೈಲರಿನ ಮೂಗು ಮೇಲಾಗಿ ಹಿಚ್ ತೂಕ ಕಡಿಮೆಯಾಗುತ್ತದೆ, ಎರಡು ಆಕ್ಸಲ್ ಟ್ರೈಲರಿನಲ್ಲಿ ಹಿಂದಿನ ಆಕ್ಸಲ್ ಮೇಲೆ ಭಾರ ಸರಿಯುತ್ತದೆ. ಅಷ್ಟೇ ಇಳಿವಿರುವ ಬಾಲ್ ಮೌಂಟ್ (ಹಿಚ್‌ನ ಬಾಲ್ ಕೂರುವ ತುಂಡು) ಹಾಕಿ, ಲೋಡ್ ಆದ ಮೇಲೆ ಟ್ರೈಲರಿನ ಚಾಸಿ ಮುಂದೆ ಹಿಂದೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ನೋಡಿ. ಸಮವಾಗಿರಬೇಕು, ಇಲ್ಲವೇ ಮೂಗು ತುಸು ಕೆಳಗಿರಬೇಕು.

ಪರೀಕ್ಷಾ ಓಟ

ಮೊದಲ ಸಲ ಅರ್ಧ ಲೋಡ್ ಹಾಕಿ, ಗೊತ್ತಿರುವ ಏರಿಗೆ ಹೋಗಿ. ಟೋ ಮೋಡ್ (ಟ್ರೈಲರ್ ಎಳೆಯುವಾಗಿನ ಗೇರ್ ಕ್ರಮ) ಹಾಕಿ, ಯಾವ ಗೇರಿನಲ್ಲಿ ಎಷ್ಟು ಆರ್‌ಪಿಎಂ, ಎಷ್ಟು ವೇಗ, ಕೂಲೆಂಟ್ ಮತ್ತು ಗೇರ್ ಆಯಿಲ್ ತಾಪ ಎಷ್ಟು ಎಂಬುದನ್ನು ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ. ಡೀಸೆಲ್ 1,500 ಆರ್‌ಪಿಎಂಗಿಂತ ಕೆಳಗೆ ಪೂರ್ತಿ ಆಕ್ಸಿಲರೇಟರ್ ಒತ್ತಿಸಿಕೊಂಡು ಗುದ್ದಾಡುತ್ತಿದ್ದರೆ ಗೇರ್ ಇಳಿಸಿ. ಆ ಸ್ಥಿತಿಯಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಿರುತ್ತದೆ, ಗಾಳಿ ಸಾಲದೆ ಎಕ್ಸಾಸ್ಟ್ ಕಾಯುತ್ತದೆ. ಗೇಜ್ ಇರುವವರು ಟರ್ಬೊಗೆ ಮುಂಚಿನ ತಾಪ 700 ಡಿಗ್ರಿ ದಾಟಿ ನಿಲ್ಲದಂತೆ ನೋಡಿಕೊಳ್ಳಿ.

ವಾಪಸ್ ಬಂದ ಮೇಲೆ ನಾಲ್ಕೂ ಟೈರುಗಳ ಮೇಲೆ, ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಹೆಚ್ಚು ಬಿಸಿ ಇದ್ದರೆ ಟೈರಿನಲ್ಲಿ ಹವಾ ಕಡಿಮೆ ಇದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮಡ್‌ಗಾರ್ಡಿನ ಒಳಬದಿಯಲ್ಲಿ ಉಜ್ಜಿದ ಗುರುತು ಹುಡುಕಿ. 80ರಿಂದ 100 ಕಿಮೀ ಓಡಿದ ಮೇಲೆ ಟ್ರಕ್ಕಿನ, ಟ್ರೈಲರಿನ ಎಲ್ಲ ವೀಲ್ ನಟ್ಟುಗಳನ್ನೂ ಟಾರ್ಕ್ ರೆಂಚಿನಿಂದ ಪುಸ್ತಕದಲ್ಲಿರುವ ಅಳತೆಗೆ ಮತ್ತೊಮ್ಮೆ ಬಿಗಿಯಿರಿ. ಪೂರ್ಣ ಲೋಡ್ ಅದಾದ ಮೇಲೆ ಹಾಕಿ.